ಬೇರಿಯಂ ಬಸ್ಸು

ಮೂವತ್ತೊಂದು ವರ್ಷ ಓಡಿಸಿದೆ ಆ ಬಸ್ಸನ್ನು,
ಅಕಿತದ ಗದ್ದೆಬಯಲಲ್ಲಿ ಊರಿಂದೂರಿಗೆ
ಹೊಟ್ಟೆಯ ಚಿತ್ರ ತೆಗೆಯುವ ಯಂತ್ರ ಹೊತ್ತು.
ಹಿಂಬಾಗಿಲಿಂದ ಒಮ್ಮೆಯೂ ಹತ್ತಲಿಲ್ಲ.
ಚಾಲಕನಿಗೆ ಬೇರೆ ಬಾಗಿಲು.

ಬರಿಹೊಟ್ಟೆಯ ಜನ ಸಾಲಿನಲ್ಲಿ,
ಸುಣ್ಣದ ತಿಳಿಗೆ ಸ್ಟ್ರಾಬೆರಿಯ ಸುಳ್ಳು ಬೆರೆಸಿದ ಲೋಟ.
ಒಳಗಿಂದ ಮೈಕಿನ ದನಿ:
"ಬಲಕ್ಕೆ ಹೊರಳಿ. ಇನ್ನೊಮ್ಮೆ. ತೇಗು ಬಂದರೆ ನುಂಗಿಕೊಳ್ಳಿ."
ನಾನು ಹೊರಗೆ, ಗಾಲಿಗೊರಗಿ, ಸಿಗರೇಟು ಸೇದುತ್ತ.

ಈಗ ಎಪ್ಪತ್ನಾಲ್ಕು. ಪುರಸಭೆಯ ಹಸಿರು ಲಕೋಟೆ ಬಂದಿದೆ.
ಬೇರಿಯಮ್ಮೋ, ಕೊಳವೆ ಕ್ಯಾಮೆರಾವೋ, ಏನೂ ಬೇಡವೋ?
ಮೂರು ಚೌಕ, ಒಂದಕ್ಕೆ ಗುರುತು ಹಾಕಿ.
ಕೆಳಗೊಂದು ಪ್ರಶ್ನೆ: ಉಪ್ಪು ಹೆಚ್ಚು ತಿನ್ನುತ್ತೀರಾ?

ನಗು ಬಂತು.
ನಾಲ್ಕು ತಿಂಗಳು ನೆಲವೇ ಕಾಣದ ಊರು.
ಮೂಲಂಗಿಯನ್ನು ಒಲೆಯ ಹೊಗೆಗೆ ತೂಗಿ,
ಉಪ್ಪಲ್ಲಿ ಹೂತು, ಮೇಲೊಂದು ಹೊಳೆಗಲ್ಲು ಹೇರಿ
ಏಳು ಮಕ್ಕಳನ್ನು ಚಳಿಗಾಲ ದಾಟಿಸಿದಳು ಅಮ್ಮ.
ಹಲ್ಲು ಬರುವ ಮುನ್ನ ನನಗೆ
ತಾನೇ ಅಗಿದು ಮೆತ್ತಗೆ ಮಾಡಿದ ಅನ್ನ.
ಆ ಎಂಜಲಲ್ಲೇ ಬಂದಿರಬಹುದಂತೆ ಕ್ರಿಮಿ,
ಅರವತ್ತು ವರ್ಷ ಹೊಟ್ಟೆಯಲ್ಲಿ ಸುಮ್ಮನೆ ಕೂತು
ಹುಣ್ಣಾಗಬಹುದಂತೆ, ಮುಂದೆ ಮತ್ತೇನೋ.
ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ;
ಡಾಕ್ಟರು ಎರಡನ್ನೂ ಒಂದೇ ಸಾಲಲ್ಲಿ ಬರೆದುಕೊಂಡರು,
ಕಾರಣಗಳ ಕೆಳಗೆ.

ಅಕ್ಕಿ ಗಿರಣಿಯ ಹಿಕೊಸಾಬುರೊನನ್ನು ಬಸ್ಸೇ ಉಳಿಸಿತು.
ಮುಕ್ಕಾಲು ಹೊಟ್ಟೆ ಕೊಯ್ದು ತೆಗೆದರೂ
ಹತ್ತೊಂಬತ್ತು ಸುಗ್ಗಿ ಕಂಡ,
ಸುಗ್ಗಿಗೊಂದು ಮೂಟೆ ಹೊಸ ಅಕ್ಕಿ ನನ್ನ ಬಾಗಿಲಲ್ಲಿ ಇಳಿಸಿದ,
ಅವನ ಒಡಲೊಳಗೆ ಬೆಳಕು ಬಿಟ್ಟವನು ನಾನೇ ಎಂಬಂತೆ.

ಕ್ಷೌರದಂಗಡಿಯ ನೊಬುಯೆಯ ಚಿತ್ರದಲ್ಲಿ ಒಂದು ನೆರಳು.
ಮೂರು ತಿಂಗಳು ಪರೀಕ್ಷೆ. ಕೊನೆಗೆ, ಏನೂ ಇಲ್ಲ, ಹೋಗಿ ಬನ್ನಿ.
ಅಷ್ಟರಲ್ಲಿ ಅವಳ ಕೈ ನಡುಗಲು ಕಲಿತಿತ್ತು.
ಮತ್ತೆ ಕತ್ತರಿ ಹಿಡಿಯಲಿಲ್ಲ.
ಇದನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಮತ್ತೆ, ಫುಸಾಯೆ. ನನ್ನವಳು.
ಉಪ್ಪಿನಕಾಯಿ ಮುಟ್ಟದವಳು, ಪ್ರತಿ ವರ್ಷ ಸಾಲಿನಲ್ಲಿ ಮೊದಲಿಗಳು:
"ಡ್ರೈವರನ ಹೆಂಡತಿಯೇ ಹತ್ತದಿದ್ದರೆ ಊರು ಹತ್ತೀತೇ?"
ಹೊಟ್ಟೆ ತೊಳೆದಿಟ್ಟ ಬಟ್ಟಲಿನಂತಿತ್ತು.
ಅದರ ಹಿಂದೆ, ಮೇದೋಜೀರಕದಲ್ಲಿ,
ಬಸ್ಸಿನ ದೀಪ ಬೀಳದ ಸಂದಿಯಲ್ಲಿ...
ಏಳು ವಾರ.

ಕಾರಣವಿಲ್ಲದೆ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ.
ನನ್ನ ಸಿಗರೇಟೇ? ಡೀಸೆಲ್ ಹತ್ತಿದ ನನ್ನ ಅಂಗಿಗಳನ್ನು
ಅವಳು ಬರಿಗೈಯಲ್ಲಿ ಒಗೆದದ್ದೇ?
ಒಂದೊಂದು ರಾತ್ರಿ ಒಂದೊಂದು ಕಾರಣಕ್ಕೆ
ಪಕ್ಕದಲ್ಲಿ ಹಾಸಿಗೆ ಹಾಸಿ ಮಲಗಿಸಿದ್ದೇನೆ.
ಬೆಳಗ್ಗೆ ಹಾಸಿಗೆ ಮಾತ್ರ ಇರುತ್ತದೆ.

ಒಂಬತ್ತರ ಮೇಲೆ ಏನೂ ತಿನ್ನಬೇಡಿ, ಎಂದಿತ್ತು ಕಾಗದ.
ಎಂಟೂ ಐವತ್ತೈದಕ್ಕೆ
ಹೊಗೆ ಮೂಲಂಗಿಯ ಎರಡು ಹೋಳು ತಿಂದೆ. ಹಟಕ್ಕಲ್ಲ.
ಹಸಿವಾಗಿತ್ತು.

ಬೆಳಗ್ಗೆ ಸಭಾಭವನದ ಮುಂದೆ ಬಸ್ಸು. ಹೊಸ ಬಣ್ಣ,
ಇಂಜಿನ್ನಿನ ಗೊಣಗು ಮಾತ್ರ ಹಳೆಯದು.
ನನ್ನ ಸೀಟನ್ನು ಒಂದು ಗೇಣು ಮುಂದೆ ಎಳೆದುಕೊಂಡಿದ್ದಾಳೆ
ಈಗಿನ ಡ್ರೈವರ್, ಇಪ್ಪತ್ತೈದರ ಹುಡುಗಿ.
ಕೆಳಗಿಳಿದು ಬಂದು ಹಿಂಬಾಗಿಲು ಹಿಡಿದು ನಿಂತಳು.

ಎರಡನೆಯ ಮೆಟ್ಟಿಲು ಜಾರುತ್ತದೆ, ನನಗೆ ಗೊತ್ತು.
ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ್ದು ಅದನ್ನೇ.
ಒಂದು ಕಾಲು ಹಿಮದಲ್ಲಿ, ಒಂದು ಕಾಲು ಮೆಟ್ಟಿಲಲ್ಲಿ,
ಜೇಬಿನಲ್ಲಿ ಲಕೋಟೆ, ಮೂರು ಚೌಕವೂ ಖಾಲಿ.

"ಅಜ್ಜ, ಒಳಗೋ ಹೊರಗೋ? ಚಳಿ ನುಗ್ತಾ ಇದೆ."

ಪೆನ್ನು ಇದೆಯಾ, ಎಂದೆ.